ಕುರಿಗಳ ಕಜ್ಜಿರೋಗವೂ ಅದರ ಔಷಧೋಪಚಾರವೂ

ಪೀಠಿಕೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಗಳಲ್ಲಿಯೂ ಸೈದಾಪುರದ ಸುತ್ತಲಿನ ಗ್ರಾಮಗಳಲ್ಲಿಯೂ ಹೊಲವುಳ್ಳವನಿಗೂ ಕುರಿ ಕಾಯುವವನಿಗೂ ಇರುವ ಸಂಬಂಧವು ಬಹಳ ಹಳೆಯದು. ಸುಗ್ಗಿ ಮುಗಿದ ಮೇಲೆ ಒಕ್ಕಲಿಗನು ತನ್ನ ಹೊಲದಲ್ಲಿ ಕುರಿಹಿಂಡನ್ನು ತರುಬಿಸಿ ಗೊಬ್ಬರವನ್ನು ಪಡೆಯುವನು. ಕುರುಬನಿಗೆ ಹಿಂಡಿನ ಮೇವು ದೊರೆಯುವುದು. ದಖ್ಖನೀ ಕುರಿಯ ಉಣ್ಣೆಯಿಂದ ಕಂಬಳಿಯೂ ಆಗುವುದು. ಈ ಲಾಭಗಳೆಲ್ಲವನ್ನೂ ಕೆಡಿಸತಕ್ಕದ್ದು ಕಜ್ಜಿರೋಗ. ಹಿಂಡಿನಿಂದ ಹಿಂಡಿಗೆ ಹರಡುವ ಈ ರೋಗವನ್ನು ಕುರುಬನೊಬ್ಬನ ಕಷ್ಟವೆಂದು ಬಿಡದೆ ಊರಿನ ಕಾರ್ಯವೆಂದು ಎಣಿಸಬೇಕು.

ರೋಗಕ್ಕೆ ಕಾರಣ

ಈ ಕಜ್ಜಿಯು ರಕ್ತದೋಷದಿಂದಾಗಲಿ ದೃಷ್ಟಿ ತಾಕುವುದರಿಂದಾಗಲಿ ಬರುವುದಿಲ್ಲ. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ನುಸಿಗಳೇ ಇದಕ್ಕೆ ಕಾರಣ. ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಸೋರಾಪ್ಟಿಸ್ ಎಂಬುದು ಚರ್ಮದ ಮೇಲೆ ಉಣ್ಣೆಯ ಬುಡದಲ್ಲಿ ವಾಸಿಸುವುದು. ಸಾರ್ಕಾಪ್ಟಿಸ್ ಎಂಬುದು ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುವುದು. ಇದು ಕುರಿಗಳಲ್ಲಿ ಹೆಚ್ಚಾಗಿ ಮೂತಿ, ಕಿವಿ ಮುಂತಾದ ಉಣ್ಣೆಯಿಲ್ಲದ ಭಾಗಗಳನ್ನು ಹಿಡಿಯುವುದು. ಮೊಟ್ಟೆಯೊಡೆದ ನುಸಿಯು ಸುಮಾರು ಎರಡು ವಾರಗಳೊಳಗೆ ಬೆಳೆದು ತಾನೂ ಮೊಟ್ಟೆ ಇಡತೊಡಗುವುದು. ಆದುದರಿಂದ ಒಂದು ಕುರಿಯಲ್ಲಿ ಕಂಡ ಕಜ್ಜಿಯು ಸ್ವಲ್ಪ ಕಾಲದಲ್ಲಿಯೇ ಹಿಂಡನ್ನೆಲ್ಲ ಆವರಿಸುವುದು.

ಲಕ್ಷಣಗಳು

ಮೊದಲು ಕುರಿಯು ಮೈಯನ್ನು ಗೂಟಕ್ಕೂ ಬೇಲಿಗೂ ಉಜ್ಜುವುದು, ಕಾಲಿನಿಂದ ಕೆರೆದುಕೊಳ್ಳುವುದು, ಉಣ್ಣೆಯನ್ನು ಹಲ್ಲಿನಿಂದ ಕಚ್ಚಿ ಎಳೆಯುವುದು. ಬಳಿಕ ಉಣ್ಣೆಯು ಉದುರಿ, ಚರ್ಮವು ದಪ್ಪವಾಗಿ ಬಿರಿದು, ಹಳದಿಯ ಹಕ್ಕಳೆ ಕಟ್ಟುವುದು. ತುರಿಕೆಯಿಂದ ಕುರಿಯು ನೆಟ್ಟಗೆ ಮೇಯಲಾರದೆ ಸೊರಗುವುದು. ತಾಯಿಯ ಹಾಲು ಬತ್ತಿ ಮರಿಗಳು ಸಾಯುವವು. ಚಳಿಗಾಲದಲ್ಲಿ ಉಣ್ಣೆ ಉದ್ದವಾಗಿ ಕುರಿಗಳು ಒತ್ತಾಗಿ ಮಲಗುವಾಗ ರೋಗವು ಪ್ರಬಲಿಸುವುದು.

ಹೇನು, ಹುಳುಕಡ್ಡಿ ಮುಂತಾದವುಗಳಿಂದಲೂ ಇಂತಹ ಗುರುತುಗಳು ಕಾಣಬಹುದು. ಆದುದರಿಂದ ಪಶುವೈದ್ಯರನ್ನು ಕರೆಸಿ, ಗಾಯದ ಅಂಚಿನಿಂದ ಕೆರೆದ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು.

ಔಷಧ

ಹೊಂಗೆಯೆಣ್ಣೆಯಲ್ಲಿ ಗಂಧಕವನ್ನು ಬೆರೆಸಿ ಹಚ್ಚುವ ಪದ್ಧತಿಯುಂಟು. ಸಣ್ಣ ಗಾಯಕ್ಕೆ ಅದರಿಂದ ಉಪಶಮನವಾದರೂ, ಉಣ್ಣೆಯೊಳಗೆ ಅಡಗಿದ ನುಸಿಗಳಿಗೆ ಅದು ತಲುಪದು. ಸೀಮೆಯೆಣ್ಣೆಯನ್ನೂ ಯಂತ್ರದಿಂದ ತೆಗೆದ ಹಳೆಯ ಎಣ್ಣೆಯನ್ನೂ ಎಂದಿಗೂ ಹಚ್ಚಬಾರದು. ಅವು ಚರ್ಮವನ್ನು ಸುಡುವವು.

ಈಗ ಬಳಕೆಯಲ್ಲಿರುವ ಔಷಧಗಳಲ್ಲಿ ಐವರ್ಮೆಕ್ಟಿನ್ ಮುಖ್ಯವಾದುದು. ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯಿಂದ ಇದು ಹುಟ್ಟಿತು. 1981ರಲ್ಲಿ ಪಶುಗಳ ಔಷಧವಾಗಿ ಮಾರಾಟಕ್ಕೆ ಬಂದಿತು. ಇದರ ಶೋಧಕ್ಕಾಗಿ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಶೇಕಡಾ 1ರ ಸೂಜಿಮದ್ದನ್ನು ಕುರಿಯ ತೂಕದ ಪ್ರತಿ 50 ಕಿಲೋಗ್ರಾಮಿಗೆ 1 ಮಿಲಿಲೀಟರಿನಂತೆ ಚರ್ಮದ ಕೆಳಗೆ ಕೊಡುವರು. ಲೆಕ್ಕವು ಹೀಗೆ:

20 ಕಿಲೋ ತೂಕಕ್ಕೆ 0.4 ಮಿಲಿಲೀಟರ್
30 ಕಿಲೋ ತೂಕಕ್ಕೆ 0.6 ಮಿಲಿಲೀಟರ್
40 ಕಿಲೋ ತೂಕಕ್ಕೆ 0.8 ಮಿಲಿಲೀಟರ್

ತೂಕವನ್ನು ಕಣ್ಣಳತೆಯಿಂದ ನಿಶ್ಚಯಿಸಬಾರದು, ತಕ್ಕಡಿಗೆ ತೂಗಬೇಕು. ಕಡಿಮೆ ಮದ್ದು ಬಿದ್ದರೆ ಕೆಲವು ನುಸಿಗಳು ಉಳಿದುಕೊಂಡು, ಕಾಲಕ್ರಮದಲ್ಲಿ ಔಷಧಕ್ಕೆ ಬಗ್ಗದ ಸಂತಾನವು ಬೆಳೆಯುವುದು.

ಎರಡನೆಯ ಸಲದ ಅವಶ್ಯಕತೆ

ಈ ಮದ್ದು ನುಸಿಯನ್ನು ಕೊಲ್ಲುವುದಾದರೂ ಮೊಟ್ಟೆಯನ್ನು ಕೊಲ್ಲಲಾರದು. ಆದುದರಿಂದ ಎರಡನೆಯ ಸಲ ಕೊಡಲೇಬೇಕು; ಸಾಮಾನ್ಯವಾಗಿ ಸೋರಾಪ್ಟಿಸಿಗೆ 7 ದಿನಗಳ ಮೇಲೆ, ಸಾರ್ಕಾಪ್ಟಿಸಿಗೆ 14 ದಿನಗಳ ಮೇಲೆ. ವಾಸಿಯಾದಂತೆ ಕಂಡಿತೆಂದು ಎರಡನೆಯ ಸಲವನ್ನು ಬಿಡುವುದು, ಹಕ್ಕಳೆ ಕಟ್ಟಿದವುಗಳಿಗೆ ಮಾತ್ರ ಕೊಟ್ಟು ಚೆನ್ನಾಗಿರುವವುಗಳನ್ನು ಬಿಡುವುದು, ಈ ಎರಡು ತಪ್ಪುಗಳಿಂದಲೇ ಮಾಡಿದ ವೆಚ್ಚವು ವ್ಯರ್ಥವಾಗುವುದು. ಚೆನ್ನಾಗಿ ಕಾಣುವ ಕುರಿಯ ಮೈಯಲ್ಲಿಯೂ ನುಸಿಗಳಿರಬಹುದು. ಹಿಂಡಿನ ಒಂದೊಂದು ಕುರಿಗೂ ಎರಡು ಸಲ, ಪ್ರತಿ ಸಲವೂ ಹಿಂಡಿಗೆಲ್ಲ ಒಂದೇ ದಿನ, ಮೇಲೆ ಹೇಳಿದ ಅಂತರ ಬಿಟ್ಟು ಮದ್ದು ಬೀಳಬೇಕು. ಇದೇ ಈ ಚಿಕಿತ್ಸೆಯ ಜೀವಾಳ.

ಎಚ್ಚರಿಕೆಗಳು

(1) ನುಸಿಗಳು ಕುರಿಯ ಮೈಬಿಟ್ಟು ಸುಮಾರು ಎರಡು ವಾರ ಬದುಕಬಲ್ಲವು. ಮದ್ದು ಕೊಟ್ಟ ಹಿಂಡನ್ನು ಹೊಸ ಜಾಗಕ್ಕೆ ಸಾಗಿಸಿ, ಹಳೆಯ ಹಟ್ಟಿಯನ್ನು ಮೂರು ವಾರ ಬರಿದಾಗಿ ಬಿಡಬೇಕು. ಬೇಲಿಗೆ ಸಿಕ್ಕಿದ ಉಣ್ಣೆಯನ್ನು ಸುಡಬೇಕು.

(2) ಸಂತೆಯಲ್ಲಿ ಕೊಂಡ ಕುರಿಯನ್ನು ಮೂರು ವಾರ ಬೇರೆ ಕಟ್ಟತಕ್ಕದ್ದು.

(3) ಮದ್ದಿನ ಸೀಸೆಯ ಚೀಟಿಯಲ್ಲಿ ಹೇಳಿದಷ್ಟು ದಿನಗಳು ಕಳೆಯುವವರೆಗೆ ಕುರಿಯನ್ನು ಮಾಂಸಕ್ಕೆ ಮಾರಕೂಡದು.

(4) ಉಳಿದ ಮದ್ದನ್ನು ನಾಯಿಗೆ ಕೊಡಬಾರದು. ಕೆಲವು ಜಾತಿಯ ನಾಯಿಗಳಿಗೆ ಅದು ಪ್ರಾಣಾಂತಿಕವಾದುದು.

(5) ಕುರಿ ಹಿಡಿಯುವವರಿಗೆ ತುರಿಕೆ ಬಂದರೆ ಪಶುಗಳ ಸೂಜಿಮದ್ದನ್ನು ಮುಟ್ಟದೆ ಸರಕಾರಿ ದವಾಖಾನೆಗೆ ಹೋಗಬೇಕು. ಮನುಷ್ಯರಿಗೆ ಬೇರೆ ಮುಲಾಮುಗಳೂ ಬೇರೆ ಪ್ರಮಾಣದ ಗುಳಿಗೆಗಳೂ ಉಂಟು. ಮುಪ್ಪಿನವರಲ್ಲಿಯೂ ಅಶಕ್ತರಲ್ಲಿಯೂ ಮನುಷ್ಯರ ಕಜ್ಜಿಯು ದಪ್ಪ ಹಕ್ಕಳೆ ಕಟ್ಟಿದರೆ ಅದು ಉಗ್ರವಾದ ರೂಪ. ಅಂತಹವರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಊರಿನ ಮುಖ್ಯಸ್ಥರ ಕರ್ತವ್ಯ

ಈ ಔಷಧವು ಇಲ್ಲದ ಕಾಲದಲ್ಲಿಯೇ, ಹಿಂಡುಗಳನ್ನೆಲ್ಲ ಮದ್ದಿನ ನೀರಿನಲ್ಲಿ ಮುಳುಗಿಸಿ ತೆಗೆದು, ಆಸ್ಟ್ರೇಲಿಯದವರು 1896ರ ಹೊತ್ತಿಗೆ ಕುರಿಗಳ ಸೋರಾಪ್ಟಿಸ್ ಕಜ್ಜಿಯನ್ನು ತಮ್ಮ ದೇಶದಿಂದ ಹೊರಗಟ್ಟಿದರು. ಬ್ರಿಟನ್ನಿನಲ್ಲಿ 1952ರಲ್ಲಿ ಅಳಿದ ರೋಗವು 1973ರಲ್ಲಿ ಮರಳಿ ಬಂದಿತು. 1992ರಲ್ಲಿ ಕಡ್ಡಾಯದ ನಿಯಮವನ್ನು ಕೈಬಿಟ್ಟ ಮೇಲೆ ಎಲ್ಲೆಡೆಯೂ ಹಬ್ಬಿತು. ಒಳ್ಳೆಯ ಔಷಧವಿದ್ದರೂ ಒಗ್ಗಟ್ಟಿಲ್ಲದಿದ್ದರೆ ಫಲವಿಲ್ಲವೆಂಬುದಕ್ಕೆ ಇದೇ ನಿದರ್ಶನ.

ಆದುದರಿಂದ ಗೌಡರೂ ಪಂಚಾಯತಿಯ ಹಿರಿಯರೂ ಚಳಿಗಾಲಕ್ಕೆ ಮುಂಚೆ ಊರಿನ ಹಿಂಡುಗಳವರನ್ನೆಲ್ಲ ಕೂಡಿಸಿ, ಪಶುವೈದ್ಯರೊಡನೆ ಒಂದು ದಿನವನ್ನು ಗೊತ್ತುಮಾಡಬೇಕು; ಎರಡನೆಯ ಸಲದ ದಿನವನ್ನೂ ಅಂದೇ ಸಾರಿಸಬೇಕು. ಬಡ ಕುರುಬನೊಬ್ಬನು ಹಣವಿಲ್ಲದೆ ಹಿಂದುಳಿದರೆ ಅವನ ಹತ್ತು ಕುರಿಗಳಿಂದಲೇ ರೋಗವು ಮರಳಿ ಬರುವುದು. ಅವನ ಮದ್ದಿನ ವೆಚ್ಚವನ್ನು ಊರವರು ಹೊರುವುದು ದಾನವಲ್ಲ, ತಮ್ಮ ಹಿಂಡಿನ ರಕ್ಷಣೆಯೇ ಸರಿ. ಹೊಲದಲ್ಲಿ ಹಿಂಡು ತರುಬಿಸುವ ಒಕ್ಕಲಿಗರೂ, ಮದ್ದು ಎರಡು ಸಲ ಬಿದ್ದಿದೆಯೇ ಎಂದು ಮೊದಲೇ ವಿಚಾರಿಸುವುದನ್ನು ರೂಢಿಮಾಡಿಕೊಳ್ಳಬೇಕು.