ಸಭೆಯಲ್ಲಿ ಹಾಡನ್ನು ತಿಳಿದು ನಡಿಸುವ ವಿಷಯ

ಪಾಠಭಾಗ: ಕೀರ್ತನೆ 136



ಬೆಳಂಬಾರ ಮೊದಲಾದ ಅಂಕೋಲೆ ಸೀಮೆಯ ಊರುಗಳಲ್ಲಿ ಹಾಲಕ್ಕಿ ಒಕ್ಕಲಿಗರ ಸ್ತ್ರೀಯರು ಗದ್ದೆಯ ಕೆಲಸದಲ್ಲಿ ಹಾಡುವದನ್ನು ನೀವು ಕೇಳಿರುವಿರಿ. ಒಬ್ಬಳು ಸೊಲ್ಲೆತ್ತುತ್ತಾಳೆ, ಉಳಿದವರು ಕೂಡಿಕೊಳ್ಳುತ್ತಾರೆ. ಕೈಯಲ್ಲಿ ಪುಸ್ತಕವಿಲ್ಲ, ಆದರೂ ಯಾರೂ ಸುಮ್ಮನಿರುವದಿಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅನೇಕ ಹಾಡುಗಳನ್ನು ಹೀಗೆಯೇ ಬಾಯಲ್ಲಿ ಕಾಪಾಡಿದರು. ಅವರಿಗೆ 2017ರಲ್ಲಿ ಪದ್ಮಶ್ರೀ ದೊರೆಯಿತು, 2025ರಲ್ಲಿ ತೀರಿಹೋದರು.

136ನೇ ಕೀರ್ತನೆಯೂ ಇಂಥದೇ. ಅದರಲ್ಲಿ 26 ವಚನಗಳಿವೆ. ಪ್ರತಿ ವಚನದ ಮೊದಲನೆಯ ಭಾಗವು ಹೊಸದು. ಎರಡನೆಯದು ದೇವರ ಕೃಪೆಗೆ ಕೊನೆಯಿಲ್ಲವೆಂಬ ಒಂದೇ ಪಲ್ಲವಿ. ಮೊದಲು ಸ್ತುತಿಗೆ ಕರೆ. ಬಳಿಕ ಸೃಷ್ಟಿಯ ಕಾರ್ಯ. ಅನಂತರ ಐಗುಪ್ತದಿಂದ ಬಿಡುಗಡೆ, ಅರಣ್ಯದ ಪ್ರಯಾಣ ಮತ್ತು ದೇಶದ ಸ್ವಾಸ್ಥ್ಯ. ಕಡೆಗೆ ಹಾಡು ನಮ್ಮ ಬಾಗಿಲಿಗೆ ಬರುತ್ತದೆ: ದೀನಸ್ಥಿತಿಯಲ್ಲಿದ್ದವರನ್ನು ದೇವರು ನೆನಸಿದನು, ಎಲ್ಲಾ ಜೀವಿಗಳಿಗೆ ಆಹಾರ ಕೊಡುತ್ತಾನೆ (23–25).

ಕೆಲವು ವರುಷಗಳ ಹಿಂದೆ ನಾವು ಒಂದು ಚಿಕ್ಕ ಸಭೆಯಲ್ಲಿ ಈ ಕೀರ್ತನೆಯನ್ನು ಎತ್ತರದ ಸ್ವರದಲ್ಲಿ ಹಿಡಿದು ಬೇಗಬೇಗನೆ ಹಾಡಿಸಿದೆವು. ಸ್ವಲ್ಪ ಹೊತ್ತಿನಲ್ಲಿ ನಮ್ಮ ಸ್ವರ ಮಾತ್ರ ಉಳಿಯಿತು. ಆರಾಧನೆ ಮುಗಿದ ಮೇಲೆ ಓದು ಬಾರದ ಒಬ್ಬ ಮುದುಕಿಯು ಬಂದು, “ಉಪದೇಶಿಗಳೇ, ದೇವರನ್ನು ನೀವು ಸ್ತುತಿಸಿದಿರಿ, ನಾವು ನಿಮ್ಮ ಮುಖ ನೋಡುತ್ತಾ ನಿಂತೆವು” ಅಂದಳು. ಆ ವಾರವೇ ಅವಳು ಗಂಡನನ್ನು ಮಣ್ಣುಮಾಡಿದ್ದಳು. ಆ ಪಲ್ಲವಿಯು ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿತ್ತೋ ಅವಳ ಬಾಯಿಂದಲೇ ಅದನ್ನು ನಾವು ಕಸಕೊಂಡಂತಾಯಿತು. ಅಂದಿನಿಂದ ಕಲಿತದ್ದನ್ನು ಬರೆಯುತ್ತೇವೆ.

1. ಮೊದಲು ಅರ್ಥ ಹೇಳಿರಿ. ಪೌಲನು ಆತ್ಮದಿಂದ ಮಾತ್ರವಲ್ಲ, ಬುದ್ಧಿಯಿಂದಲೂ ಹಾಡಬಯಸಿದನು (1 ಕೊರಿಂಥ 14:15). ಕಠಿಣ ಶಬ್ದವನ್ನು ಮನೆಮಾತಿನಲ್ಲಿ ಬಿಡಿಸಿರಿ.

2. ಪಲ್ಲವಿಯನ್ನು ಬಾಯಿಪಾಠ ಮಾಡಿಸಿರಿ. ಓದಬಲ್ಲವನು ವಚನವನ್ನು ಹೇಳಲಿ. ಸಭೆಯೆಲ್ಲಾ ಪಲ್ಲವಿಯಿಂದ ಉತ್ತರ ಕೊಡಲಿ. ಹೀಗೆ ಮಾಡಿದರೆ ಅಕ್ಷರ ಬಾರದವರೂ ಹೊರಗುಳಿಯರು.

3. ಮುದುಕರಿಗೂ ಮಕ್ಕಳಿಗೂ ಎಟಕುವ ಸ್ವರವನ್ನು ಹಿಡಿಯಿರಿ. ಅವರು ಉಸಿರು ತಕ್ಕೊಳ್ಳುವಷ್ಟು ತಡೆಯಿರಿ. ಸಭೆಯು ಹಾಡನ್ನು ಹಿಡಿದ ಮೇಲೆ ನಿಮ್ಮ ಸ್ವರವನ್ನು ತಗ್ಗಿಸಿರಿ.

ನಾಡಿನ ಧಾಟಿಯಲ್ಲಿ ಹಾಡುವದು ಸಭೆಗೆ ತಕ್ಕದ್ದೋ ಎಂದು ಕೆಲವರು ಸಂಶಯಪಡುತ್ತಾರೆ. ಬಾಸೆಲ್ ಮಿಶನಿನ ಕಿಟ್ಟೆಲ್ ಪಂಡಿತರು 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಕರ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ರಚಿಸಿದರು. ಆದಕಾರಣ ನಾಚುವದು ಬೇಡ. ಧಾಟಿಯು ಮಾತನ್ನು ಮುಚ್ಚದಿದ್ದರೆ ಸಾಕು.

ಕರ್ತನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿಯೂ ಶಿಷ್ಯರ ಸಂಗಡ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದನು (ಮತ್ತಾಯ 26:30). ದುಃಖದ ವೇಳೆಯಲ್ಲಿಯೂ ಆತನು ಒಂಟಿಯಾಗಿ ಹಾಡಲಿಲ್ಲ. ಹಾಗಾದರೆ ಬರುವ ಆದಿತ್ಯವಾರ ಹಾಡು ನಡಿಸುವವರು ತಮ್ಮ ಸ್ವರ ಹೇಗಿತ್ತೆಂದು ಕೇಳಿಕೊಳ್ಳದೆ, ಕಡೇ ಸಾಲಿನ ಮುದುಕಿಯ ತುಟಿಗಳು ಆಡಿದವೋ ಎಂದು ನೋಡಲಿ.