ಸುದ್ದಿ ಮೊದಲು ಯಾರ ಕಿವಿಗೆ ಬೀಳುತ್ತದೆ?

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ‘ಪರಿಪೂರ್ಣ ಪೈಪೋಟಿ’ ಎಂಬ ಪಾಠ ಇದೆ. ಅದರ ಲಕ್ಷಣಗಳನ್ನು ಬರೆಯಿರಿ ಎಂದರೆ ನಮ್ಮಲ್ಲಿ ಯಾರಾದರೂ ನಿದ್ದೆಯಲ್ಲೂ ಬರೆಯುತ್ತೇವೆ: ಅಸಂಖ್ಯ ಕೊಳ್ಳುವವರು ಮತ್ತು ಮಾರುವವರು, ಒಂದೇ ಬಗೆಯ ಸರಕು, ಮುಕ್ತ ಪ್ರವೇಶ ಮತ್ತು ನಿರ್ಗಮನ, ಪರಿಪೂರ್ಣ ಮಾಹಿತಿ. ಕೊನೆಯದು ಎರಡೇ ಪದ. ಅದನ್ನು ನಾನು ಅಂಕಕ್ಕಾಗಿ ಬರೆದಿದ್ದೆನೇ ಹೊರತು ಯೋಚಿಸಿ ಬರೆದವಳಲ್ಲ. ಈ ವರ್ಷ ನಮ್ಮ ಮನೆಯಲ್ಲಿ ನಡೆದ ಎರಡು ಸಂಗತಿಗಳಿಂದ ಯೋಚಿಸುವಂತಾಯಿತು.

ಮೊದಲನೆಯದು ನಮ್ಮ ಆಪಾಳದು. ಪಿಯುಸಿ ಮುಗಿಸಿ, ಕಂಪ್ಯೂಟರ್ ಕೋರ್ಸ್ ಮಾಡಿ, ನಗರಗೆರೆಯ ಮನೆಯಲ್ಲೇ ಬಟ್ಟೆ ಹೊಲಿಯುತ್ತಾ ಕೆಲಸಕ್ಕೆ ಕಾಯುತ್ತಿದ್ದಾಳೆ. ಒಂದು ಶುಕ್ರವಾರ ಜುಮಾ ನಮಾಜ್ ಆದ ಮೇಲೆ ಮಸೀದಿಯಲ್ಲಿ ಉದ್ಯೋಗ ಮೇಳದ ವಿಷಯ ಹೇಳಿದರಂತೆ. ಭಾನುವಾರ ಮೇಳ, ಅಂಕಪಟ್ಟಿಯ ಜೆರಾಕ್ಸ್ ತರಬೇಕು, ಹೆಣ್ಣುಮಕ್ಕಳೂ ಬರಬಹುದು ಎಂದು. ಅಬ್ಬಾ ಕೇಳಿಸಿಕೊಂಡರು, ಅಂಗಡಿಗೆ ಹೋದರು, ಮರೆತರು. ನೆನಪಾಗಿದ್ದು ಮಂಗಳವಾರ ರಾತ್ರಿ ಊಟದ ಹೊತ್ತಿಗೆ. ಆಪಾ ಏನೂ ಅನ್ನಲಿಲ್ಲ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಒಂದು ಕ್ಷಣ ಸುಮ್ಮನೆ ನಿಂತಳು, ಅಷ್ಟೆ. ಅಬ್ಬಾರನ್ನು ದೂರಲು ನನಗೆ ಮನಸ್ಸಿಲ್ಲ. ಹೇಳಿದವರು ಸರಿಯಾಗಿಯೇ ಹೇಳಿದ್ದರು. ಆದರೆ ಕೆಲಸ ಬೇಕಾಗಿದ್ದವಳು ಆ ಸಾಲಿನಲ್ಲಿ ಇರಲಿಲ್ಲ.

ಎರಡನೆಯದು ಮಾಮೂ ಮಗನದು. ಅವನಿಗೆ ಸುದ್ದಿ ಬೇಗನೇ ಸಿಕ್ಕಿತು, ತಪ್ಪು ಸುದ್ದಿ. ಫೋನಿಗೆ ಬಂದ ಒಂದು ಸಂದೇಶ ನಂಬಿ, ಬೆಂಗಳೂರಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆಂದು 2,000 ರೂಪಾಯಿ ‘ನೋಂದಣಿ ಶುಲ್ಕ’ ಕಟ್ಟಿದ. ಮರುದಿನದಿಂದ ಆ ನಂಬರ್ ಸ್ವಿಚ್ ಆಫ್.

ಒಬ್ಬಳಿಗೆ ನಿಜವಾದ ಸುದ್ದಿ ತಲುಪಲಿಲ್ಲ, ಇನ್ನೊಬ್ಬನಿಗೆ ಸುಳ್ಳು ಸುದ್ದಿ ತಲುಪಿತು. ಇದನ್ನು ಅರ್ಥಶಾಸ್ತ್ರದ ಮೇಡಂಗೆ ಹೇಳಿದಾಗ ಅವರು, “ಇದನ್ನೇ ಪ್ರಾಜೆಕ್ಟ್ ಮಾಡಮ್ಮಾ, ಪುಸ್ತಕದ ನಾಲ್ಕನೇ ಲಕ್ಷಣ ನಿಮ್ಮೂರಲ್ಲಿ ಎಲ್ಲಿದೆ, ಎಲ್ಲಿಲ್ಲ ನೋಡು” ಅಂದರು. ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಪರಿಪೂರ್ಣ ಮಾಹಿತಿಗೆ ಹತ್ತಿರವಾದದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲಾದರೂ ಇದ್ದರೆ ಅದು ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ. ನಮ್ಮ ಖಾಲಾ ಮನೆ ಅಲ್ಲೇ. ಖಾಲೂ ಗೂಡು ಕೊಂಡು ನೂಲು ತೆಗೆಸುವ ರೀಲರ್. ಬೆಳಿಗ್ಗೆ ರೈತರು ಗೂಡು ತಂದು ಸುರಿಯುತ್ತಾರೆ, ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ಹರಾಜು ಈಗ ಎಲೆಕ್ಟ್ರಾನಿಕ್. ರೀಲರುಗಳು ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ಯಾವ ಲಾಟ್ ಎಷ್ಟಕ್ಕೆ ಹೋಯಿತು ಎಂಬುದು ಗುಟ್ಟಲ್ಲ. ರೈತ ಯಾರ ನೆಂಟನೂ ಆಗಿರಬೇಕಿಲ್ಲ, ಯಾವ ಜಾತಿ, ಯಾವ ಮೊಹಲ್ಲಾ ಎಂದು ಕೇಳುವವರಿಲ್ಲ. ಗೂಡು ಚೆನ್ನಾಗಿದ್ದರೆ ಬೆಲೆ ಏರುತ್ತದೆ.

ಅದೇ ಊರಿನಲ್ಲಿ, ನಾಲ್ಕು ಬೀದಿ ಆಚೆ, ರೀಲಿಂಗ್ ಘಟಕಕ್ಕೆ ಜನ ಬೇಕಾದಾಗ ಏನಾಗುತ್ತದೆ? ಖಾಲಾನ ಕೇಳಿದೆ. “ಬೋರ್ಡ್ ಯಾಕೆ? ಕೆಲಸ ಮಾಡೋಳಿಗೇ ಹೇಳಿದರೆ ಅವಳ ತಂಗೀನೋ ಪಕ್ಕದ ಮನೆಯೋಳನ್ನೋ ಕರಕೊಂಡು ಬರ್ತಾಳೆ” ಅಂದರು. ಗೂಡಿನ ಬೆಲೆ ಎಲ್ಲರಿಗೂ ಗೊತ್ತು. ಕೂಲಿ ಎಷ್ಟು, ಜಾಗ ಎಲ್ಲಿ ಖಾಲಿ ಎಂಬುದು ಗೊತ್ತಿರುವವರಿಗೆ ಮಾತ್ರ ಗೊತ್ತು. ಸರಕಿನ ಮಾರುಕಟ್ಟೆಗೂ ದುಡಿಮೆಯ ಮಾರುಕಟ್ಟೆಗೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಆ ಒಂದು ಮಾತಿನಲ್ಲಿ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1961ರಲ್ಲೇ ಮಾಹಿತಿಯ ಅರ್ಥಶಾಸ್ತ್ರದ ಬಗ್ಗೆ ಒಂದು ಲೇಖನ ಬರೆದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ವಾದ ಸರಳ: ಮಾಹಿತಿ ಪುಕ್ಕಟೆ ಸಿಗುವುದಿಲ್ಲ, ಹುಡುಕುವುದಕ್ಕೂ ಖರ್ಚಿದೆ. ಆ ಖರ್ಚು ಹೆಚ್ಚಾದಾಗ ಜನ ಹುಡುಕುವುದನ್ನು ನಿಲ್ಲಿಸಿ ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತಾರೆ. ನಗರಗೆರೆಯಿಂದ ಗೌರಿಬಿದನೂರಿಗೆ ಬಂದು, ಎರಡು ಕಡೆ ವಿಚಾರಿಸಿ, ಜೆರಾಕ್ಸ್ ಮಾಡಿಸಿ, ಚಹಾ ಕುಡಿದು ವಾಪಸ್ ಹೋಗುವುದು ಖರ್ಚೇ. ಆ ದಿನ ಹೊಲಿಯದೆ ಉಳಿದ ಬ್ಲೌಸ್ ಕೂಡ ಖರ್ಚೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲವಾದದ್ದು ಈ ದೃಷ್ಟಿಯಿಂದ ದೊಡ್ಡ ಸಂಗತಿ. ಅದನ್ನು ಬರೀ ಯಾತ್ರೆಗೆ ಹೋಗುವವರ ಯೋಜನೆ ಎಂದು ಹಾಸ್ಯ ಮಾಡುವವರು ಒಮ್ಮೆ ಬೆಳಗಿನ ಬಸ್ಸಿನಲ್ಲಿ ನಮ್ಮ ಜೊತೆ ನಿಂತು ಬರಬೇಕು. ಆದರೆ ಬಸ್ ಚಾರ್ಜ್ ಉಳಿದರೂ ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿರಬೇಕಲ್ಲ.

ಅದು ಯಾರಿಂದ ಗೊತ್ತಾಗುತ್ತದೆ? ಇಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದದ್ದು ಮಾರ್ಕ್ ಗ್ರಾನೊವೆಟ್ಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಅಧ್ಯಯನ. ಬೋಸ್ಟನ್ ನಗರದ ಪಕ್ಕದ ನ್ಯೂಟನ್ ಎಂಬಲ್ಲಿ, ಆಗಷ್ಟೇ ಕೆಲಸ ಬದಲಿಸಿದವರನ್ನು ಅವರು ವಿಚಾರಿಸಿದರು. ಪರಿಚಯಸ್ಥರ ಮೂಲಕ ಕೆಲಸ ಸಿಕ್ಕವರಿಗೆ ಒಂದು ಪ್ರಶ್ನೆ ಕೇಳಿದರು: ನಿಮಗೆ ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ನೋಡುತ್ತಿದ್ದಿರಿ? ನಾನಾಗಿದ್ದರೆ, ಹತ್ತಿರದವರೇ ಹೇಳಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಸಿಕ್ಕ ಉತ್ತರ ತಿರುಗುಮುರುಗು. ‘ಆಗಾಗ್ಗೆ’ ನೋಡುವವರಿಂದ ಎಂದವರು ಶೇ. 16.7 ಮಾತ್ರ. ‘ಯಾವಾಗಲಾದರೊಮ್ಮೆ’ ಎಂದವರು ಶೇ. 55.6. ‘ಅಪರೂಪಕ್ಕೆ’ ಎಂದವರು ಶೇ. 27.8.

ಕಾರಣ ಕೇಳಿದರೆ ಇಷ್ಟು ಸುಲಭವೇ ಎನಿಸುತ್ತದೆ. ನಮ್ಮ ಹತ್ತಿರದವರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಅಮ್ಮಿ, ಖಾಲಾ, ಪಕ್ಕದ ಮನೆಯ ಫುಫು ಎಲ್ಲರೂ ಒಂದೇ ಸುದ್ದಿಯನ್ನು ಸುತ್ತು ಹಾಕಿಸುತ್ತಿರುತ್ತಾರೆ. ಹೊಸ ಸುದ್ದಿ ಬರುವುದು ಬೇರೆ ಊರಿಗೆ, ಬೇರೆ ಕಚೇರಿಗೆ ಓಡಾಡುವ ಅರ್ಧಪರಿಚಯದವರಿಂದ. ಗ್ರಾನೊವೆಟ್ಟರ್ ಇದನ್ನು ದುರ್ಬಲ ಸಂಬಂಧಗಳ ಬಲ ಎಂದು ಕರೆದರು. ಒಂದು ಮಾತು ಸೇರಿಸಬೇಕು, ಅವರು ವಿಚಾರಿಸಿದ್ದು ಬರೀ ಗಂಡಸರನ್ನು. ಚಹಾದಂಗಡಿ, ಬಸ್ ನಿಲ್ದಾಣ, ಮಸೀದಿಯ ಅಂಗಳ ಇವೆಲ್ಲ ಅರ್ಧಪರಿಚಯ ಹುಟ್ಟುವ ಜಾಗಗಳು. ನಮ್ಮ ಆಪಾಳಿಗೆ ಅಂಥ ಜಾಗ ಯಾವುದು?

ದೂರದ ಬೋಸ್ಟನ್ ಬೇಡ ಎನ್ನುವವರಿಗೆ ನಮ್ಮ ತಾಲ್ಲೂಕಿನದೇ ಉದಾಹರಣೆ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡ ಕುಟುಂಬದ ಹುಡುಗ. ಊರಿನಲ್ಲಿ ಮುಂದೆ ಓದಲು ದಾರಿ ಇರಲಿಲ್ಲ. ಮೊದಲು ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಬೆಂಗಳೂರಿನಲ್ಲಿದ್ದರು. ಅವರ ಮೂಲಕ ಅಲ್ಲಿ ಓದುವ ದಾರಿ ತಿಳಿಯಿತು. ಬಸ್ಸಿಗೆ ದುಡ್ಡಿಲ್ಲದೆ ಹುಡುಗ ನಡೆದೇ ಬೆಂಗಳೂರು ಸೇರಿದ. ಮುಂದೆ ಅವರು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಡೆದ ಕಾಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಸುದ್ದಿ ತಲುಪಿಸಿದ ಮೇಷ್ಟ್ರೂ ಅಷ್ಟೇ ದೊಡ್ಡವರಾಗಿ ಕಾಣುತ್ತಾರೆ. ಆ ಸುದ್ದಿ ಬರದಿದ್ದರೆ ಅಷ್ಟು ದೂರ ಯಾವ ಕಡೆಗೆ ನಡೆಯುತ್ತಿದ್ದರು?

ಸ್ವಯಂಸೇವೆಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಅನೇಕರು ಎನ್ನೆಸ್ಸೆಸ್ ಎಂದರೆ ಪ್ರಮಾಣಪತ್ರ ಎಂದುಕೊಂಡಿದ್ದಾರೆ. ಗಾಂಧೀಜಿಯವರ ಜನ್ಮಶತಾಬ್ದಿ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಅದು ಶುರುವಾಯಿತು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ. ಅದು ನನಗೂ ಆಯಿತು ಎಂದರೆ ತಪ್ಪು ತಿಳಿಯಬೇಡಿ. ಕಳೆದ ವರ್ಷ ರಕ್ತದಾನ ಶಿಬಿರದಲ್ಲಿ ನಾನು ಹೆಸರು ಬರೆಯುವ ಮೇಜಿನಲ್ಲಿ ಕುಳಿತಿದ್ದೆ. ರಕ್ತ ಕೊಡಲು 18 ವರ್ಷ ತುಂಬಿರಬೇಕು, ಕನಿಷ್ಠ 45 ಕೆ.ಜಿ. ತೂಕ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ನನಗೆ ವಯಸ್ಸೂ ಇರಲಿಲ್ಲ, ತೂಕವೂ ಇರಲಿಲ್ಲ. ಆದರೆ ಬರೆಯಲು ಬರುತ್ತಿತ್ತು. ಅಂದು ಬಂದಿದ್ದ ಲ್ಯಾಬ್ ಟೆಕ್ನಿಷಿಯನ್ ಅಕ್ಕ ಹೇಳಿದ ಮೇಲೆಯೇ, ಪಿಯುಸಿ ವಿಜ್ಞಾನ ಆದವರಿಗೆ ಪ್ಯಾರಾಮೆಡಿಕಲ್ ಡಿಪ್ಲೊಮಾ ಎಂಬ ದಾರಿ ಇದೆ ಎಂದು ನನ್ನ ಗೆಳತಿಗೆ ಗೊತ್ತಾಗಿದ್ದು. ಆ ಅಕ್ಕನನ್ನು ನಾವು ಮತ್ತೆ ಭೇಟಿಯಾಗಿಲ್ಲ. ಗ್ರಾನೊವೆಟ್ಟರ್ ಲೆಕ್ಕದಲ್ಲಿ ‘ಅಪರೂಪಕ್ಕೆ’ ಎಂಬ ಸಾಲಿಗೆ ಸೇರುವವರು.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾದ ಉರುಸಿಗೆ ಹೋದವರಿಗೆ ಗೊತ್ತು, ಅಲ್ಲಿ ಹಿಂದೂ ಮುಸ್ಲಿಂ ಎನ್ನದೆ ಜನ ಸೇರುತ್ತಾರೆ. ನೀರು ಕೊಡುವುದು, ತಪ್ಪಿಸಿಕೊಂಡ ಮಗುವನ್ನು ಮೈಕಿನ ಹತ್ತಿರ ಕರೆತರುವುದು, ವಯಸ್ಸಾದವರ ಕೈ ಹಿಡಿದು ನಡೆಸುವುದು. ಇವು ಸವಾಬಿನ ಕೆಲಸ, ಅದರಲ್ಲಿ ಲೆಕ್ಕಾಚಾರ ಬೇಡ. ಆದರೆ ಇಂಥ ಕಡೆ ನಾಲ್ಕು ಊರಿನ ನಾಲ್ಕು ಜನರ ಪರಿಚಯವಾಗುತ್ತದೆ ಎಂಬುದೂ ನಿಜ. ವಿದುರಾಶ್ವತ್ಥದ ಜಾತ್ರೆಯೂ ಹಾಗೆಯೇ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದಾಗ ಸುತ್ತಲ ಹಳ್ಳಿಗಳ ಜನ ಅಲ್ಲಿದ್ದದ್ದು ಜಾತ್ರೆಯ ಕಾರಣಕ್ಕೆ. ಜನ ಸೇರುವ ಕಡೆ ಸುದ್ದಿ ಸೇರುತ್ತದೆ.

ಒಂದು ಎಚ್ಚರಿಕೆ. ‘ಸ್ವಯಂಸೇವಕರು ಬೇಕಾಗಿದ್ದಾರೆ’ ಎಂದು ಕರೆದು, ಬೆಳಿಗ್ಗೆಯಿಂದ ರಾತ್ರಿವರೆಗೆ ಲಾಭದ ವ್ಯಾಪಾರಕ್ಕೆ ದುಡಿಸಿಕೊಳ್ಳುವವರೂ ಇದ್ದಾರೆ. ಅದು ಸೇವೆಯಲ್ಲ, ಕೂಲಿ ಕೊಡದ ಕೆಲಸ. ಯಾರಿಗೆ ಉಪಕಾರವಾಗುತ್ತಿದೆ ಎಂದು ಕೇಳಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಸುದ್ದಿ ಕೈಗೆ ಬಂದ ಮೇಲೆ ಅದನ್ನು ಓದುವುದು. ಮಾಮೂ ಮಗನ ಸಂದೇಶವನ್ನು ಮೇಡಂ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಸಿ, “ಇದರಲ್ಲಿ ಏನಿಲ್ಲ ಹೇಳಿ” ಅಂದರು. ಕಂಪನಿಯ ವಿಳಾಸ ಇರಲಿಲ್ಲ. ಎಷ್ಟು ಹೊತ್ತಿನ ಕೆಲಸ ಎಂದಿರಲಿಲ್ಲ. ಇದ್ದದ್ದು ಸಂಬಳ ಮತ್ತು ಶುಲ್ಕ ಎರಡೇ. ಕೆಲಸ ಕೊಡುವವನು ನಮಗೆ ದುಡ್ಡು ಕೊಡಬೇಕು, ನಮ್ಮಿಂದ ಕೇಳಬಾರದು ಎಂಬ ಒಂದು ಮಾತು ನೆನಪಿದ್ದರೆ ಅವನ 2,000 ಉಳಿಯುತ್ತಿತ್ತು. ಅಂಕಪಟ್ಟಿಯ ಅಸಲು ಪ್ರತಿ ಇಟ್ಟುಕೊಳ್ಳುತ್ತೇವೆ ಎಂದರೂ ಕೊಡಬಾರದು. ‘ಪಿಯುಸಿ ಪಾಸಾದವರಿಗೆ ಯುವನಿಧಿ, ಕೂಡಲೇ ಆಧಾರ್ ಕಳುಹಿಸಿ’ ಎಂಬ ಸಂದೇಶ ಬಂದರೆ ಅದೂ ಸುಳ್ಳೇ. ಯುವನಿಧಿ ಇರುವುದು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500.

ಸಂಬಳದ ಅಂಕಿಯನ್ನೂ ಓದಲು ಕಲಿಯಬೇಕು. ಗಾರ್ಮೆಂಟ್ ಕಾರ್ಖಾನೆಯ ಬೋರ್ಡಿನಲ್ಲಿ ‘12,000, ಪಿಎಫ್, ಇಎಸ್‌ಐ ಇದೆ’ ಎಂದಿದ್ದರೆ ಕೈಗೆ ಬರುವುದು ಎಷ್ಟು? ಪೂರ್ತಿ ಸಂಬಳದ ಮೇಲೆ ಪಿಎಫ್ ಹಿಡಿದರೆ ಶೇ. 12ರಂತೆ 1,440. ಇಎಸ್‌ಐ ಶೇ. 0.75ರಂತೆ 90. ಉಳಿಯುವುದು 10,470. ‘ಕಟಿಂಗ್ ಜಾಸ್ತಿ’ ಎಂದು ಬೇಸರ ಪಡುವ ಮೊದಲು ಇನ್ನೊಂದು ಬದಿ ನೋಡಿ. ಪಿಎಫ್‌ಗೆ ಮಾಲೀಕರೂ ತಮ್ಮ ಪಾಲು ಹಾಕುತ್ತಾರೆ, ಇಎಸ್‌ಐಗೆ ಅವರು ಹಾಕುವುದು ಶೇ. 3.25, ಅದರಲ್ಲಿ ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತದೆ. ಏನೂ ಹಿಡಿಯದೆ 11,000 ಕೈಗೆ ಕೊಡುವ ಜಾಗಕ್ಕಿಂತ ಇದು ಮೇಲು ಎಂಬುದು ನನ್ನ ಲೆಕ್ಕ. ಅಮ್ಮಿ ಒಪ್ಪುವುದಿಲ್ಲ. ಮನೆ ನಡೆಸುವವರು ಅವರು, ಅವರ ಲೆಕ್ಕಕ್ಕೂ ಅರ್ಥವಿದೆ. ವಯಸ್ಸಿನ ವಿಷಯ ಮಾತ್ರ ಚರ್ಚೆಗಿಲ್ಲ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಗಳಿಗೆ ಇಟ್ಟುಕೊಳ್ಳುವುದನ್ನು 2016ರ ಕಾನೂನು ತಿದ್ದುಪಡಿ ನಿಷೇಧಿಸಿದೆ. ರಜೆಯಲ್ಲಿ ದುಡಿಯಲು ಹೋಗುವ ನಮ್ಮ ಪ್ರಥಮ ವರ್ಷದ ತಮ್ಮಂದಿರು ಇದನ್ನು ತಿಳಿದಿರಬೇಕು.

ಪ್ರಾಜೆಕ್ಟ್ ಮುಗಿದ ಮೇಲೂ ನಿಲ್ಲಿಸಲು ಮನಸ್ಸಾಗಲಿಲ್ಲ. ಮೇಡಂ ಒಪ್ಪಿಗೆಯಿಂದ ಹುಡುಗಿಯರ ವಿಶ್ರಾಂತಿ ಕೊಠಡಿಯ ಬಾಗಿಲಿಗೆ ಪ್ರತಿ ಶನಿವಾರ ಒಂದು ಹಾಳೆ ಅಂಟಿಸುತ್ತಿದ್ದೇವೆ. ಜುಮಾದಲ್ಲಿ ಏನು ಹೇಳಿದರು ಎಂಬುದನ್ನು ಮೂವರು ಹುಡುಗರು ಬರೆದು ತರುತ್ತಾರೆ. ಒಬ್ಬಳು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಪತ್ರಿಕೆ ನೋಡುತ್ತಾಳೆ, ಇನ್ನೊಬ್ಬಳು ನಾಡಕಚೇರಿಯ ಫಲಕ. ಬಸ್ ನಿಲ್ದಾಣದ ಗೋಡೆ ನನ್ನ ಪಾಲು. ದಿನಾಂಕ, ಜಾಗ, ಯಾರು ಕರೆದಿದ್ದಾರೆ, ಏನು ತರಬೇಕು, ದುಡ್ಡು ಕೇಳುತ್ತಾರೆಯೇ, ಇಷ್ಟನ್ನೇ ಬರೆಯುತ್ತೇವೆ. ವಿಚಾರಿಸಿ ಖಚಿತವಾಗದ್ದನ್ನು ಅಂಟಿಸುವುದಿಲ್ಲ. ಅದೇ ಹಾಳೆಯ ಫೋಟೋ ಮನೆಗಳಿಗೂ ಹೋಗುತ್ತದೆ.

ಆಪಾಗೆ ಇನ್ನೂ ಕೆಲಸ ಸಿಕ್ಕಿಲ್ಲ. ಆದರೆ ಹಾಳೆಯ ಫೋಟೋ ಅವಳಿಗೇ ಮೊದಲು ಕಳುಹಿಸುತ್ತೇನೆ. ಹೋದ ವಾರ ಚಿಕ್ಕಬಳ್ಳಾಪುರಕ್ಕೆ ಸಂದರ್ಶನಕ್ಕೆ ಹೋಗಿ ಬಂದಳು, ಜೊತೆಗೆ ಅಬ್ಬಾನೂ ಹೋಗಿದ್ದರು. ಮುಂದಿನ ಹಾಳೆಗೆ ನಿಮ್ಮೂರಿನ ಸುದ್ದಿ ಇದ್ದರೆ ಶುಕ್ರವಾರ ಸಂಜೆಯೊಳಗೆ ಅರ್ಥಶಾಸ್ತ್ರ ವಿಭಾಗದ ಮೇಜಿನ ಮೇಲಿರುವ ನೀಲಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಚಿಂತಾಮಣಿ ಕಡೆಯಿಂದ ಬರುವವರು ಯಾರಾದರೂ ಸೇರಿಕೊಂಡರೆ ಒಳ್ಳೆಯದು, ಆ ಕಡೆಯ ಸುದ್ದಿ ನಮ್ಮಲ್ಲಿ ಯಾರಿಗೂ ಸಿಗುತ್ತಿಲ್ಲ.