ಕೊಡ ಬಂದಿತೋ, ಕೊಡವ್ವ ಬಂದಳೋ?

ಕೊಡ, ಛತ್ರಿ, ಕಸಬರಿಗೆ, ಬೀಸುವ ಕಲ್ಲು ಮೊದಲಾದ ನಿತ್ಯೋಪಯೋಗಿ ವಸ್ತುಗಳಿಗೆ ಕಣ್ಣು ಬಾಯಿ ಬರೆದು, ಒಂದೊಂದಕ್ಕೂ ಒಂದು ಸ್ವಭಾವವನ್ನು ಕಲ್ಪಿಸಿ ರಚಿಸಿದ ಚಿತ್ರಪುಸ್ತಕಗಳು ಕಿರಿಯ ಮಕ್ಕಳಿಗೆ ಅತ್ಯಂತ ಪ್ರಿಯವಾದವು. ಅವು ಕೇವಲ ವಿನೋದದ ಸಾಮಗ್ರಿಯೆಂದು ಭಾವಿಸುವ ಉಪಾಧ್ಯಾಯರುಂಟು. ಆದರೆ ಕನ್ನಡದಲ್ಲಿ ಇಂತಹ ಪುಸ್ತಕವನ್ನು ಬರೆಯಹೊರಟವರಿಗೆ ಮೊದಲ ಪುಟದಲ್ಲಿಯೇ ವ್ಯಾಕರಣದ ತೊಡಕೊಂದು ಎದುರಾಗುತ್ತದೆ. ಎರಡು ನುಡಿಗಳು ಬೆರೆತ ನಂದಗಡದಂತಹ ಊರಿನಲ್ಲಿ ಅದು ಇನ್ನಷ್ಟು ಸ್ಫುಟವಾಗಿ ತೋರುತ್ತದೆ.

ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಅಚೇತನ ವಸ್ತುಗಳೆಲ್ಲ ನಪುಂಸಕಲಿಂಗಕ್ಕೆ ಸೇರಿದವು: 'ಕೊಡ ಒಡೆಯಿತು.' ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ಘಾಗರ ಸ್ತ್ರೀಲಿಂಗ, ಮಾಠ ಪುಲ್ಲಿಂಗ. ಆದುದರಿಂದ 'ಘಾಗರ ಫುಟಲೀ', 'ಮಾಠ ಫುಟಲಾ' ಎನ್ನುವರು. ಮರಾಠಿ ಮನೆಮಾತಿನ ಬಾಲಕನೊಬ್ಬನು ಆ ರೂಢಿಯಿಂದ 'ಕೊಡ ಬಂದಳು' ಎಂದು ಬರೆದರೆ ಶಿಕ್ಷಕರು ಕೆಂಪು ಮಸಿಯಿಂದ ತಿದ್ದುತ್ತಾರೆ, ತಿದ್ದಲೇಬೇಕು. ಆದರೆ ಅದೇ ವಾಕ್ಯ ಚಿತ್ರಪುಸ್ತಕದಲ್ಲಿ ಬಂದಾಗ ತಪ್ಪಲ್ಲ, ಕಲ್ಪನೆ. ಈ ಭೇದವನ್ನು ತಿಳಿಸದೆ ಗೀಟು ಮಾತ್ರ ಎಳೆದರೆ ಬಾಲಕನು ಕನ್ನಡದಲ್ಲಿ ಬರೆಯುವುದಕ್ಕೇ ಅಂಜುವನು. ಸ್ವಾರಸ್ಯವೆಂದರೆ, ಕನ್ನಡದಲ್ಲಿ 'ಮಗು' ಶಬ್ದವೂ ನಪುಂಸಕಲಿಂಗವೇ. ಮಗುವೂ ಬಿದ್ದಿತು, ಕೊಡವೂ ಬಿದ್ದಿತು!

ತೊಡಕಿಗೆ ಪರಿಹಾರವು ನಾಡಿನ ಆಚರಣೆಯಲ್ಲಿಯೇ ಇದೆ. ಆಷಾಢದ ಮಂಗಳವಾರಗಳಂದು ಉತ್ತರ ಕರ್ನಾಟಕದ ಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಸಿಂಗರಿಸುತ್ತಾರೆ. ಮಣ್ಣು 'ಬಂದಿತು', ಗುಳ್ಳವ್ವ 'ಬಂದಳು', ಯಾರೂ ನಗುವುದಿಲ್ಲ. 'ಅವ್ವ' ಎಂಬ ಒಂದು ಬಂಧುವಾಚಕದಿಂದ ಮಣ್ಣು ವ್ಯಕ್ತಿಯಾಯಿತು. ಅಂತೆಯೇ ಕೊಡವು ಕೊಡವ್ವನಾಗಬಹುದು.

ಆದರೆ ಯಾವ ವಸ್ತುವಿಗೆ ಯಾವ ಬಂಧುತ್ವ? ಅದನ್ನು ವಸ್ತುವಿನ ಕೆಲಸವೇ ನಿರ್ಣಯಿಸಬೇಕು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1845ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ರಫೂ ಸೂಜಿಯು ತಾನು ಬಹಳ ನಯವೆಂದು ಗರ್ವಪಡುತ್ತದೆ. ಅಡುಗೆಯವಳ ಚಪ್ಪಲಿಯನ್ನು ಹೊಲಿಯುವಾಗ ಮುರಿದುಹೋಗುತ್ತದೆ. ಗರ್ವವೂ ಭಂಗವೂ ಸೂಜಿಯ ಗುಣದಿಂದಲೇ ಹುಟ್ಟಿದವು. ಬರಿದೆ ಕಣ್ಣು ಬಾಯಿ ಬರೆದ ಮಾತ್ರಕ್ಕೆ ಸ್ವಭಾವ ಬಾರದು. ಅಂಗಡಿಯಲ್ಲಿ ದೊರೆಯುವ ಅನೇಕ ಬಣ್ಣಬಣ್ಣದ ಪುಸ್ತಕಗಳ ಕೊರತೆ ಇದೇ.

ಶಾಲೆಯಲ್ಲಿ ಈ ಪಾಠಕ್ಕೆ ಹೆಚ್ಚಿನ ವೆಚ್ಚವಿಲ್ಲ. ಖಾನಾಪುರದ ಮಣ್ಣಿನ ಒಂದು ಕೊಡ, ಯಾರದಾದರೂ ಹಿತ್ತಲಿನಲ್ಲಿ ಬಿದ್ದಿರುವ ಬೀಸುವ ಕಲ್ಲು, ಒಂದು ಹಳೆಯ ಛತ್ರಿ ಇದ್ದರೆ ಸಾಕು. ಬೀಸುವ ಕಲ್ಲನ್ನು ಮಕ್ಕಳೇ ತಿರುಗಿಸಿ ನೋಡಲಿ. ಗಿರಣಿಯ ಹಿಟ್ಟನ್ನಷ್ಟೇ ಬಲ್ಲವರಿಗೆ ಅದರ ಭಾರ ತಿಳಿಯದು. ಬಳಿಕ ಪ್ರತಿ ವಸ್ತುವಿನ ಚಿತ್ರ ಬರೆದು, ಕೆಳಗೆ ಎರಡು ವಾಕ್ಯ ಬರೆಯಲಿ: ಒಂದು ನಪುಂಸಕಲಿಂಗದಲ್ಲಿ, ಇನ್ನೊಂದು ಬಂಧುವಾಗಿ. ನಿಧಾನವಾಗಿ ತಿರುಗಿ ಮನೆಮಂದಿಗೆಲ್ಲ ಉಣಿಸುವ ಕಲ್ಲು ಅಜ್ಜಿಯೆಂದು ಒಬ್ಬಳು ಹೇಳಬಹುದು. ಮಳೆಗಾಲಕ್ಕಷ್ಟೇ ಹೊರಬಂದು, ಉಳಿದ ದಿನ ಗೂಟದಲ್ಲಿ ಮರ್ಯಾದೆಯಿಂದ ತೂಗುವ ಛತ್ರಿಯನ್ನು ಮತ್ತೊಬ್ಬನು ಅಳಿಯನೆಂದರೆ, ಏಕೆಂದು ಕೇಳಿ ಆ ಉತ್ತರವನ್ನೂ ಚಿತ್ರದ ಕೆಳಗೆ ಬರೆಯಿಸಬೇಕು.